ಸಾಹುಕಾರರ ವಾಲಬಿಗಳು, ಗುರುಸಿದ್ದಪ್ಪನ ಬೆರಳು

ಪ್ರಾಣಿಯ ಬಾಯಿಗೆ ಕೈ ಹಾಕುವ ಮುಂಚೆ ನಿಮ್ಮ ಬೆರಳುಗಳನ್ನು ಬೆಳಕಿಗೆ ಹಿಡಿದು ನೋಡಿಕೊಳ್ಳಿ. ಉಗುರಿನ ಬದಿ ಸುಲಿದಿದ್ದರೆ, ಎಲ್ಲಾದರೂ ಗೀರು ಬಿದ್ದಿದ್ದರೆ, ಆ ಕೈ ಹಾಕಬೇಡಿ. ಈಗ ರಬ್ಬರ್ ಗ್ಲೌಸು ಬಂದಿವೆ. ಬೇಸಿಗೆಯಲ್ಲಿ ಕೈ ಬೇಯುತ್ತದೆಂದು ಹುಡುಗರು ಅವನ್ನು ಚೀಲದಲ್ಲೇ ಇಟ್ಟುಕೊಂಡು ತಿರುಗುವುದನ್ನು ನೋಡಿದ್ದೇನೆ. ನಮ್ಮ ಕಾಲದಲ್ಲಿ ಇದ್ದದ್ದು ಕೊಬ್ಬರಿ ಎಣ್ಣೆ, ಕ್ರಿಮಿ ಕೊಲ್ಲುವ ಕಾರ್ಬಾಲಿಕ್ ನೀರು ಮತ್ತು ದೇವರು. ಮೂರೂ ಸೇರಿ ಗುರುಸಿದ್ದಪ್ಪನ ಬಲಗೈ ತೋರುಬೆರಳನ್ನು ಉಳಿಸಲಿಲ್ಲ. ಅದನ್ನು ಕತ್ತರಿಸಿದವನು ನಾನು.

ದನದ ಆಸ್ಪತ್ರೆಯ ಕೆಲಸಕ್ಕೆ ಹೊಸದಾಗಿ ಸೇರಿದವರು ಆಗಾಗ ಮನೆಗೆ ಬಂದು, ನಿಮ್ಮ ಕಾಲದ್ದು ಏನಾದರೂ ಬರೆದುಕೊಡಿ ಎನ್ನುತ್ತಾರೆ. ಯಾವ ಊರಿಂದ ಯಾವ ಊರಿಗೆ ವರ್ಗವಾಯಿತು, ಎಂದು ಬಡ್ತಿ ಸಿಕ್ಕಿತು ಎಂದು ಬರೆದರೆ ಓದುವವನಿಗೂ ನಿದ್ದೆ, ಬರೆಯುವವನಿಗೂ ನಿದ್ದೆ. ಅದಕ್ಕಿಂತ, ನಾನು ಇಡೀ ನೌಕರಿಯುದ್ದಕ್ಕೂ ಯಾರ ಮೇಲೆ ಹೊಟ್ಟೆಕಿಚ್ಚು ಪಟ್ಟೆನೋ ಅವನ ವಿಷಯ ಬರೆಯುವುದು ಮೇಲು. ಕೆಲಸ ಕಲಿಸಿದವರು ಹಲವರು. ನಿದ್ದೆಗೆಡಿಸಿ ಕಲಿಸಿದವನು ಅವನೊಬ್ಬನೇ.

ನಾನು ತುರುವನೂರಿನವನು, ಹೆಸರು ರುದ್ರಪ್ಪ. ಗುರುಸಿದ್ದಪ್ಪ ಹೊಳಲ್ಕೆರೆಯವನು. ಚಿತ್ರದುರ್ಗದ ಶಾಲೆಯಲ್ಲಿ ಒಂದೇ ಬೆಂಚು, ಬೊಂಬಾಯಿಯಲ್ಲಿ ದನದ ವೈದ್ಯ ಓದುವಾಗ ಒಂದೇ ಕೋಣೆ. ಕತ್ತಿ ಹಿಡಿಯುವುದರಲ್ಲಿ ನಾನು ಮುಂದು. ಇದನ್ನು ಜಂಬಕ್ಕೆ ಹೇಳುತ್ತಿಲ್ಲ, ಅವನೇ ಒಪ್ಪುತ್ತಿದ್ದ. ನನ್ನ ಕೈ ನಡುಗುತ್ತಿರಲಿಲ್ಲ. ಆದರೆ ಅವನಿಗೆ ಕಣ್ಣಿತ್ತು. ಕೊಟ್ಟಿಗೆಗೆ ಹೋದರೆ ನಾನು ರೋಗ ಹುಡುಕುತ್ತಿದ್ದೆ, ಅವನು ಎಮ್ಮೆಯನ್ನು ನೋಡುತ್ತಿದ್ದ. ಈ ವ್ಯತ್ಯಾಸ ಅರ್ಥವಾಗಲು ನನಗೆ ಬಹಳ ಕಾಲ ಹಿಡಿಯಿತು.

ನಾನು ಹೊಳಲ್ಕೆರೆಯಲ್ಲಿದ್ದಾಗ ಚಿಕ್ಕಜಾಜೂರಿನ ಸ್ಟೇಷನ್ ಮಾಸ್ತರರ ಎಮ್ಮೆಗೆ ಗಂಟಲು ಊದಿತು. ಬಾಯಲ್ಲಿ ನೊರೆ, ಕಣ್ಣು ಕೆಂಪು, ಉಸಿರಾಡಿದರೆ ಗೊರಗೊರ ಸದ್ದು. ಗಂಟಲುಬೇನೆ, ದನದಿಂದ ದನಕ್ಕೆ ಅಂಟುವ ರೋಗ ಎಂದು ನಾನು ನೋಡಿದ ಕೂಡಲೇ ಹೇಳಿಬಿಟ್ಟೆ. ಸುತ್ತಲಿನ ದನಗಳನ್ನೆಲ್ಲ ಬೇರೆ ಕಟ್ಟಿಸಿ, ಆಗಿನ ಪದ್ಧತಿಯಂತೆ ಗಂಟಲಿಗೆ ಬರೆ ಹಾಕಲು ಕಬ್ಬಿಣ ಕಾಯಿಸಲು ಹೇಳಿದೆ. ಅಷ್ಟರಲ್ಲಿ ರೈಲು ಬಂತು. ರಜೆಯ ಮೇಲೆ ಊರಿಗೆ ಹೊರಟಿದ್ದ ಗುರುಸಿದ್ದಪ್ಪ ಅದರಿಂದ ಇಳಿದ. ಗುಂಪು ಕಂಡು ಬಂದವನು ಎಮ್ಮೆಯ ಮುಂದೆ ಕುಕ್ಕರುಗಾಲಲ್ಲಿ ಕುಳಿತು, ಒಂದು ಬಾನಿ ನೀರು ತರಿಸಿ ಇಟ್ಟ. ಎಮ್ಮೆ ನೀರಿಗೆ ಬಾಯಿ ಹಾಕಿತು. ಕುಡಿದ ನೀರು ಮೂಗಿನಿಂದ ಹೊರಗೆ ಬಂತು.

"ಲೇ ರುದ್ರಾ, ಇದು ಬ್ಯಾನೆ ಅಲ್ಲ ಕಣೋ. ಏನೋ ಸಿಕ್ಕಂಡೈತೆ," ಎಂದ. ತೋಳು ಮಡಿಸಿ ಗಂಟಲಿಗೆ ಕೈ ಇಳಿಸಿ ಇಡೀ ಒಂದು ಬೇಲದ ಕಾಯಿ ಹೊರಗೆ ತೆಗೆದ.

ಮಾಸ್ತರರು ಅವನಿಗೆ ಕಾಫಿ ತರಿಸಿದರು. ನನಗೂ ತರಿಸಿದರು, ಎರಡನೆಯದಾಗಿ. ಕಾಯಿಸಿದ ಕಬ್ಬಿಣ ಅಲ್ಲೇ ಕೆಂಪಗೆ ಉರಿಯುತ್ತಿತ್ತು. ಅದಕ್ಕಿಂತ ಜೋರಾಗಿ ನನ್ನೊಳಗೆ ಇನ್ನೊಂದು ಉರಿಯುತ್ತಿತ್ತು. ನೀರು ಕುಡಿಸಿ ನೋಡುವುದನ್ನು ಬೊಂಬಾಯಿಯಲ್ಲಿ ನಮಗಿಬ್ಬರಿಗೂ ಒಬ್ಬರೇ ಗುರುಗಳು ಕಲಿಸಿದ್ದರು.

ಇದಾದ ಮೇಲೆ ನನಗೆ ಹಿರಿಯೂರಿಗೆ ವರ್ಗವಾಯಿತು. ಅವನಿಗೆ ಹೊಸದುರ್ಗ. ಮಾರಿಕಣಿವೆಯ ಅಣೆಕಟ್ಟು ಏಳುತ್ತಿದ್ದ ಕಾಲ ಅದು. ಕಲ್ಲು ಹೊರುವ ಎತ್ತುಗಳ ಹೆಗಲು ಹುಣ್ಣು, ಕಾಲುಬಾಯಿ ಜ್ವರ ಇವೇ ನನ್ನ ದಿನನಿತ್ಯದ ಪಾಡು. ಹಾಗಿರುವಾಗ ಒಂದು ಬೆಳಿಗ್ಗೆ ಸಾಹುಕಾರ ಕೊಟ್ರಬಸಪ್ಪನವರು ಗಾಡಿ ಕಳಿಸಿದರು.

ಸಾಹುಕಾರರದು ಹತ್ತಿಯ ವ್ಯಾಪಾರ, ಜೊತೆಗೆ ಕುದುರೆಯ ಹುಚ್ಚು. ಬೆಂಗಳೂರು ದಂಡಿನಲ್ಲಿ ಆಸ್ಟ್ರೇಲಿಯಾದಿಂದ ಕುದುರೆ ತರಿಸುವ ವ್ಯಾಪಾರಿಯೊಬ್ಬ ಇವರಿಗೆ ಪರಿಚಯ. ಅವನ ಹಡಗಿನಲ್ಲಿ ಬಂದಿದ್ದ ಎರಡು ಜೋಡಿ ವಾಲಬಿಗಳನ್ನು ಇವರು ಕೊಂಡು ತಂದು, ವೇದಾವತಿ ದಂಡೆಯ ತೆಂಗಿನ ತೋಟದಲ್ಲಿ ಬೇಲಿ ಹಾಕಿಸಿ ಬಿಟ್ಟಿದ್ದರು. ವಾಲಬಿ ಎಂದರೆ ಕಾಂಗರೂವಿನ ತಮ್ಮ ಎನ್ನಬಹುದು. ಮೊಲದಂಥ ಮುಖ, ಜಿಂಕೆಯಂಥ ಕಣ್ಣು, ಹಿಂಗಾಲಿನ ಮೇಲೆ ಕುಪ್ಪಳಿಸುವ ಓಟ. ಮರಿಯನ್ನು ಹೊಟ್ಟೆಯ ಚೀಲದಲ್ಲಿ ಇಟ್ಟುಕೊಂಡು ಸಾಕುವ ಪ್ರಾಣಿ. ಹಿರಿಯೂರಿನ ಹವೆ ಅವಕ್ಕೆ ಒಗ್ಗಿ ಸಂಸಾರ ಬೆಳೆದಿತ್ತು. ಚೀಲದಿಂದ ಮರಿ ತಲೆ ಹೊರಗೆ ಹಾಕುವುದನ್ನು ನೋಡಲು ಸುತ್ತಲಿನ ಹಳ್ಳಿಯ ಹೆಂಗಸರು ಗಾಡಿ ಕಟ್ಟಿಸಿಕೊಂಡು ಬರುತ್ತಿದ್ದರು. ದಸರಾಕ್ಕೆ ಅವನ್ನು ಮೈಸೂರಿಗೆ ಒಯ್ದು ಅರಮನೆಗೆ ಕಾಣಿಕೆ ಕೊಡಬೇಕೆಂದು ಸಾಹುಕಾರರ ಆಸೆ.

"ಬರ್ರಿ ಡಾಕ್ಟ್ರೇ, ಕುಂತ್ಕಳ್ರಿ," ಎಂದರು. ಆದರೆ ಅವರೇ ಕೂರಲಿಲ್ಲ. "ನನ್ ಚೀಲದ ಜಿಂಕೆಗಳು ಬಡವಾಗ್ತಾ ಅವೆ. ಮೈಸೂರಿಗೆ ಹೇಳಿ ಕಳಿಸಿಬಿಟ್ಟಿದೀನಿ. ಇವು ಸತ್ರೆ ನನ್ ಮಾನ ಹೋಗ್ತೈತೆ."

ನಾನು ಅಂಥ ಪ್ರಾಣಿಯನ್ನು ಬೊಂಬಾಯಿಯ ರಾಣೀಬಾಗಿನ ಮೃಗಶಾಲೆಯಲ್ಲಿ ದೂರದಿಂದ ನೋಡಿದ್ದೆನೇ ಹೊರತು ಮುಟ್ಟಿರಲಿಲ್ಲ. ಭಯವಾಯಿತು. ಅದಕ್ಕಿಂತ ಹೆಚ್ಚಾಗಿ ಸಂತೋಷವಾಯಿತು. ಇಂಥ ಕೇಸು ಗುರುಸಿದ್ದಪ್ಪನ ಕೈಗೆ ಸಿಕ್ಕಿಲ್ಲ, ನನಗೆ ಸಿಕ್ಕಿದೆ!

ಪ್ರಾಣಿಗಳ ಬೆನ್ನೆಲುಬು ಎದ್ದಿತ್ತು, ಬಾಲದ ಬುಡ ಒದ್ದೆಯಾಗಿತ್ತು. ಹಿಕ್ಕೆಯನ್ನು ನೀರಿನಲ್ಲಿ ಕದಡಿ ಬಟ್ಟೆಯಲ್ಲಿ ಸೋಸಿದೆ. ಬಿಳಿ ದಾರದ ತುಂಡುಗಳಂಥ ಹುಳಗಳು ಸಿಕ್ಕವು. ಇಕ್ಕಟ್ಟಿನ ಬೇಲಿ, ಅದೇ ನೆಲದಲ್ಲಿ ಹಿಕ್ಕೆ, ಅದೇ ನೆಲದಲ್ಲಿ ಮೇವು. ಹುಳವಾಗದೆ ಇನ್ನೇನಾದೀತು? ನಮ್ಮ ಕಾಂಪೌಂಡರ್ ಇಮಾಮ್ ಸಾಬಿ ಓಮದ ಸತ್ವವನ್ನು ಬೆಲ್ಲದಲ್ಲಿ ಉಂಡೆ ಮಾಡಿದ. ಒಂದೊಂದನ್ನೇ ಹಿಡಿದು ನುಂಗಿಸಿದೆವು. ಭೇದಿ ನಿಂತಿತು. ಮರಿಗಳು ಮತ್ತೆ ಕುಪ್ಪಳಿಸಿದವು. ಸಾಹುಕಾರರು ನನಗೆ ಸಂತೆಯಲ್ಲಿ ಎಲ್ಲರೆದುರು ಕೈ ಮುಗಿದರು. ಹೊಸದುರ್ಗದ ಕಡೆ ಹೋಗುವವರು ಯಾರಾದರೂ ಸಿಕ್ಕರೆ ಈ ಸುದ್ದಿಯನ್ನು ನಾನೇ ಎತ್ತುತ್ತಿದ್ದೆ, ಗುರುಸಿದ್ದಪ್ಪನ ಕಿವಿಗೆ ಬೀಳಲಿ ಎಂದು.

ಆ ಸುಖ ಬೇಸಿಗೆ ಮುಗಿಯುವವರೆಗೂ ಉಳಿಯಲಿಲ್ಲ. ಒಂದು ಹೆಣ್ಣು ವಾಲಬಿ ಮುಂಗಾಲಿನಿಂದ ಬಾಯಿ ಕೆರೆದುಕೊಳ್ಳಲು ಶುರುಮಾಡಿತು. ಜೊಲ್ಲು ಸುರಿಯಿತು. ದವಡೆ ಒಂದು ಕಡೆ ಲಿಂಬೆಹಣ್ಣಿನಷ್ಟು ಊದಿತು. ಹತ್ತಿರ ಹೋದರೆ ಮೂಗು ಮುಚ್ಚಿಕೊಳ್ಳುವಂಥ ನಾತ. ಎತ್ತುಗಳಿಗೆ ಬರುವ ದವಡೆಗಂಟು ನನಗೆ ಗೊತ್ತಿತ್ತು. ಅದಕ್ಕೆ ಅಯೊಡೈಡ್ ಔಷಧಿ ಕೊಟ್ಟು ಎಷ್ಟೋ ಎತ್ತು ಉಳಿಸಿದ್ದೆ. ಇದಕ್ಕೂ ಅದನ್ನೇ ಕೊಟ್ಟೆ. ಎರಡನೆಯದಕ್ಕೆ ಊದಿತು, ಮೂರನೆಯದಕ್ಕೆ ಊದಿತು. ನಾನು ಔಷಧಿ ಹೆಚ್ಚಿಸುತ್ತ ಹೋದೆ. ಕಡೆಗೆ ಆ ಮೊದಲನೆಯ ಹೆಣ್ಣು ಮೇವು ಬಿಟ್ಟು, ಚೀಲದಲ್ಲಿ ಮರಿ ಇದ್ದಂತೆಯೇ ಸತ್ತಿತು. ಮರಿಗೆ ಹಸುವಿನ ಹಾಲು ಹಿಂಡಿದೆವು. ಅದೂ ಉಳಿಯಲಿಲ್ಲ.

ಸಾಹುಕಾರರು ಬೈಯಲಿಲ್ಲ. ತಲೆ ಕೆರೆದುಕೊಂಡು ಹೇಳಿದರು: "ಬ್ಯಾಸರ ಮಾಡ್ಕಬ್ಯಾಡ್ರಿ ಡಾಕ್ಟ್ರೇ. ಹೊಸದುರ್ಗದಾಗೆ ಗುರುಸಿದ್ದಪ್ನೋರು ಅಂತ ಇದಾರಂತೆ. ಬಾಳ ಚುರುಕಂತೆ. ಒಂದ್ಸಲ ತೋರಿಸಾಣ."

"ತೋರಿಸ್ರಿ," ಎಂದೆ. ಬೇರೆ ಏನು ಹೇಳಲಿ? ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಅವನು ಕುದುರೆಯ ಮೇಲೆ ಬಂದ. ಬಂದವನು ಪ್ರಾಣಿಗಳ ಕಡೆ ಹೋಗಲೇ ಇಲ್ಲ. ಹುಲ್ಲಿನ ಬಣವೆಯ ಬಳಿ ನಿಂತು ತನ್ನ ಕಾಲುಚೀಲ ನೋಡಿಕೊಂಡ. ಸೂಜಿಯಂಥ ಬೀಜಗಳು ಚುಚ್ಚಿಕೊಂಡಿದ್ದವು. ನಮ್ಮ ಸೀಮೆಯ ಹುಲ್ಲುಗಾವಲಿನಲ್ಲಿ ನಡೆದವರಿಗೆಲ್ಲ ಅದು ಗೊತ್ತು. ಪಂಚೆಗೆ ಹತ್ತುತ್ತದೆ, ಕೀಳುತ್ತೇವೆ, ಬಿಸಾಡುತ್ತೇವೆ.

"ಈ ಹುಲ್ಲು ಎಲ್ಲಿಂದ?" ಎಂದು ಸಾಹುಕಾರರನ್ನು ಕೇಳಿದ.

"ನಿಮ್ ಹೊಸದುರ್ಗದ ಕಡೆ ಕಾವಲಿಂದೇ. ಹೋದ ವರ್ಷದ ಹುಲ್ಲು ತೀರಿತು, ಈ ಸಲ ಅಲ್ಲಿಂದ ಗಾಡಿ ಮೇಲೆ ಹೊಡಸಿದೆ."

"ಕುಯ್ದಿದ್ದು ತಡವಾಗೈತೆ. ಬೀಜ ಬಲಿತೈತೆ." ಅವನು ಒಂದು ಬೀಜ ಕಿತ್ತು ನನ್ನ ಅಂಗೈಗೆ ಒತ್ತಿದ. ಚುರ್ರೆಂದಿತು. "ಎತ್ತಿನ ನಾಲಿಗೆ ದಪ್ಪ, ತಡಕಂತದೆ. ಇದರ ವಸಡು ರೇಷ್ಮೆ ಇದ್ದಂಗೈತಲ್ಲೋ ರುದ್ರಾ."

ನಾನು ದಿನಾ ಆ ಬಣವೆಯ ಪಕ್ಕದಲ್ಲೇ ಹಾದುಹೋಗುತ್ತಿದ್ದೆ. ದಿನಾ ಸಂಜೆ ಮನೆಗೆ ಹೋಗಿ ಪಂಚೆಯಿಂದ ಆ ಸೂಜಿಗಳನ್ನು ಕೀಳುತ್ತಿದ್ದೆ. ಆಗ ನನಗಾದದ್ದನ್ನು ನಾಚಿಕೆ ಎಂದು ಕರೆದರೆ ಸುಳ್ಳಾಗುತ್ತದೆ. ಅವನ ಊಹೆ ತಪ್ಪಾಗಿರಲಿ ಎಂದು ನಾನು ಹಾರೈಸಿದೆ.

ಅದು ತಪ್ಪಾಗಿರಲಿಲ್ಲ. ಮಾರನೆಯ ದಿನ ಇನ್ನೊಂದು ವಾಲಬಿ ಸತ್ತಿತು. ಗಾಡಿ ನಿಲ್ಲಿಸುವ ಚಪ್ಪರದ ಕೆಳಗೆ ಅದರ ದವಡೆ ಸೀಳಿ ನೋಡಿದೆವು. ನಾನು ತಲೆ ಹಿಡಿದಿದ್ದೆ, ಗರಗಸ ಅವನ ಕೈಯಲ್ಲಿತ್ತು. ಹಲ್ಲಿನ ಬುಡದಲ್ಲಿ, ಕೊಳೆತ ಎಲುಬಿನ ನಡುವೆ, ಕಪ್ಪಾದ ಒಂದು ಹುಲ್ಲಿನ ಸೂಜಿ ಇತ್ತು. ಅದನ್ನು ಎಳೆಯಲು ಬೆರಳು ತೂರಿಸಿದಾಗ ಎಲುಬಿನ ಚೂರೊಂದು ಅವನ ತೋರುಬೆರಳಿಗೆ ನೆಟ್ಟಿತು. ಒಂದು ಹನಿ ರಕ್ತ. "ಸೇಡು ತೀರಿಸ್ಕಂತು," ಎಂದು ನಕ್ಕು ಕಾರ್ಬಾಲಿಕ್ ನೀರಿನಲ್ಲಿ ಕೈ ಅದ್ದಿ ಮತ್ತೆ ಕೆಲಸಕ್ಕೆ ಬಗ್ಗಿದ.

ಹೊಸಬರು ಇಲ್ಲಿ ಒಂದು ವಿಷಯ ತಿಳಿದುಕೊಳ್ಳಬೇಕು. ನನ್ನ ಹುಳವೂ ಸುಳ್ಳಾಗಿರಲಿಲ್ಲ, ಅವನ ಸೂಜಿಯೂ ಸುಳ್ಳಾಗಿರಲಿಲ್ಲ. ಹುಳ ಮೈಯನ್ನು ಸೊರಗಿಸಿತ್ತು. ಹುಲ್ಲು ಬಾಯಲ್ಲಿ ಬಾಗಿಲು ತೆರೆಯಿತು. ಹಿಕ್ಕೆಯಲ್ಲಿ, ಕೊಳೆತ ನೆಲದಲ್ಲಿ ಬದುಕುವ ರೋಗಾಣು ಆ ಬಾಗಿಲಿನಿಂದ ಒಳಗೆ ಹೋಯಿತು. ಎತ್ತಿನ ದವಡೆಗಂಟಿನ ರೋಗಾಣುವೇ ಬೇರೆ, ಇದೇ ಬೇರೆ. ಅದಕ್ಕೇ ನನ್ನ ಅಯೊಡೈಡ್ ನಾಟಿರಲಿಲ್ಲ. ಬಂಧನದಲ್ಲಿಟ್ಟ ಪ್ರಾಣಿಗೆ ರೋಗಗಳು ಒಂದೊಂದಾಗಿ ಬರುವುದಿಲ್ಲ, ಕೈ ಕೈ ಹಿಡಿದುಕೊಂಡು ಬರುತ್ತವೆ. ಒಂದನ್ನು ಗುರುತಿಸಿ ಬೀಗಬೇಡಿ.

ಎರಡು ದಿನ ಕಳೆಯುವಷ್ಟರಲ್ಲಿ ಗುರುಸಿದ್ದಪ್ಪನ ಬೆರಳು ಬಾಳೆಕಾಯಿಯಂತಾಯಿತು. ಜ್ವರ ಬಂತು. ಸಾಹುಕಾರರ ಜಗಲಿಯ ಮಂಚದ ಮೇಲೆ ಮಲಗಿಸಿದ್ದರು. ಬಟ್ಟೆ ಬಿಚ್ಚಿದರೆ ಅದೇ ನಾತ, ವಾಲಬಿಯ ದವಡೆಯ ನಾತ. ಬೆರಳಿನ ತುದಿ ನೀಲಿ ತಿರುಗಿ ಕಪ್ಪಾಗುತ್ತಿತ್ತು. ಮಣಿಕಟ್ಟಿನಿಂದ ಮೊಣಕೈವರೆಗೆ ಕೆಂಪು ಗೆರೆ ಎದ್ದಿತ್ತು. ಊರಿನ ಆಸ್ಪತ್ರೆಯ ಡಾಕ್ಟರು ಪ್ಲೇಗಿನ ಶೆಡ್ಡುಗಳಿಗೆಂದು ಚಳ್ಳಕೆರೆಯ ಕಡೆ ಹೋಗಿದ್ದರು. ದುರ್ಗಕ್ಕೆ ಗಾಡಿಯಲ್ಲಿ ಒಯ್ಯಬೇಕೆಂದರೆ ಇಡೀ ದಿನದ ಕುಲುಕಾಟ. ಬೆಳಿಗ್ಗೆ ಮೊಣಕೈಯಲ್ಲಿದ್ದ ಗೆರೆ ಮಧ್ಯಾಹ್ನಕ್ಕೆ ತೋಳಿಗೆ ಏರಿತು. ಕಂಕುಳಲ್ಲಿ ಗಂಟು ಕೈಗೆ ಸಿಕ್ಕಿತು.

ಗುರುಸಿದ್ದಪ್ಪ ಕಣ್ಣು ಬಿಟ್ಟು ಹೇಳಿದ: "ರುದ್ರಾ, ನೀನೇ ಕತ್ತರಿಸು."

ಸಾಹುಕಾರರು ನನ್ನ ರಟ್ಟೆ ಹಿಡಿದು ಅಂಗಳಕ್ಕೆ ಕರೆತಂದರು. "ಏನಪ್ಪ ರುದ್ರಪ್ಪ, ದನದ ಡಾಕ್ಟ್ರು ಮನುಷ್ಯರಿಗೆ ಕತ್ತಿ ಹಾಕಾದು ಎಲ್ಲಾರ ಉಂಟಾ? ನಿಂಗೂ ಅವರಿಗೂ ಆಗಾಕಿಲ್ಲ ಅಂತ ಊರಿಗೇ ಗೊತ್ತೈತೆ. ಏನಾರ ಹೆಚ್ಚುಕಮ್ಮಿ ಆದ್ರೆ ಜನ ಏನಂತಾರೆ, ಯೋಚ್ನೆ ಮಾಡಿದೀಯಾ?"

ಅಲ್ಲಿಯವರೆಗೆ ನನಗೆ ಡಾಕ್ಟ್ರೇ ಎಂದು ಬಹುವಚನ ಹಚ್ಚುತ್ತಿದ್ದವರು ಆ ಗಾಬರಿಯಲ್ಲಿ ಏಕವಚನಕ್ಕೆ ಇಳಿದರು. ಊರಿಗೆ ಗೊತ್ತಿದೆ ಎಂಬುದು ನನಗೆ ಗೊತ್ತಿರಲಿಲ್ಲ.

ನಾನು ಚಪ್ಪರಕ್ಕೆ ಹೋಗಿ ಕತ್ತಿಗಳನ್ನು ಕುದಿಯುವ ನೀರಿಗೆ ಹಾಕಿಸಿ ನಿಂತೆ. ಎರಡು ದಾರಿಯಿದ್ದವು. ಬೆರಳನ್ನು ಉದ್ದಕ್ಕೆ ಸೀಳಿ ಕೀವು ತೆಗೆದು ಕಾಯುವುದು ಒಂದು. ಬುಡದ ಗೆಣ್ಣಿನಲ್ಲಿ ತೆಗೆದುಬಿಡುವುದು ಇನ್ನೊಂದು. ಸೀಳಿ ಬಿಟ್ಟರೆ ಬೆರಳು ಉಳಿಯಬಹುದು, ಪ್ರಾಣ ಹೋಗಬಹುದು. ತೆಗೆದರೆ ಪ್ರಾಣ ಉಳಿಯಬಹುದು, ಆದರೆ ಎಮ್ಮೆಯ ಗಂಟಲಿನಿಂದ ಬೇಲದ ಕಾಯಿ ತೆಗೆದ ಆ ಕೈ ಮತ್ತೆ ಆ ಕೈಯಾಗುವುದಿಲ್ಲ. ನನ್ನ ಮನಸ್ಸು ಯಾವ ಕಡೆ ವಾಲುತ್ತಿದೆ ಎಂದು ನೋಡಿಕೊಂಡೆ. ಗೆಣ್ಣಿನ ಕಡೆಗೆ ವಾಲಿತ್ತು. ಅದು ವೈದ್ಯನ ಬುದ್ಧಿಯೋ, ಇಪ್ಪತ್ತು ವರ್ಷದ ಹೊಟ್ಟೆಕಿಚ್ಚೋ? ಎರಡೂ ಒಂದೇ ದನಿಯಲ್ಲಿ ಮಾತಾಡುತ್ತಿದ್ದವು.

ಇಮಾಮ್ ಸಾಬಿ ಕ್ಲೋರೊಫಾರ್ಮ್ ಹಿಡಿದ. ಎತ್ತಿನ ಅಳತೆ ಮರೆತು ಹನಿ ಹನಿಯಾಗಿ ಹಾಕು ಎಂದು ಅವನಿಗೆ ಹೇಳಿದೆ. ಮೊದಲು ಉದ್ದಕ್ಕೆ ಸೀಳಿದೆ. ಗುರುಸಿದ್ದಪ್ಪನ ಬೆರಳಿಗೆ ಅಷ್ಟು ಅವಕಾಶ ಕೊಡಬೇಕಿತ್ತು. ರಕ್ತ ಬರಲಿಲ್ಲ. ಬೂದು ಬಣ್ಣದ ಕೊಳಕು ಬಂತು. ಸಲಾಕೆ ಇಳಿಸಿದೆ. ಎಲುಬು ಮರಳು ಕಲ್ಲಿನಂತೆ ಗರಗರ ಎಂದಿತು. ನಡು ಗೆಣ್ಣಿನಲ್ಲಿ ನೋಡಿದೆ, ಅಲ್ಲೂ ಸತ್ತಿತ್ತು. ಬುಡದ ಗೆಣ್ಣಿಗೆ ಬಂದಾಗ ಕೆಂಪು ರಕ್ತ ಹನಿಯಿತು. ಅಲ್ಲೇ ಬಿಡಿಸಿದೆ. ಗಾಯವನ್ನು ಹೊಲಿಯದೆ ತೆರೆದೇ ಬಿಟ್ಟು, ನೇರಳೆ ಬಣ್ಣದ ಪರ್ಮಾಂಗನೇಟ್ ನೀರಿನಲ್ಲಿ ಗಳಿಗೆ ಗಳಿಗೆಗೂ ತೊಳೆದೆ.

ಸಾಹುಕಾರರು ಬೇಲಿಯ ಆಚೆ ಬೆನ್ನು ತಿರುಗಿಸಿ ನಿಂತಿದ್ದರು. "ಮುಗೀತಾ?" ಎಂದು ಕೇಳಿದರು. ಮುಗಿಯಿತು ಎಂದೆ. ಆಮೇಲೆ ಬಾವಿಯ ಬಳಿ ಹೋಗಿ ಕತ್ತಿಗಳನ್ನು ತೊಳೆದೆ.

ಕೆಂಪು ಗೆರೆ ಇಳಿಯಿತು. ಜ್ವರ ಬಿಟ್ಟಿತು. ನಾಲ್ಕು ಬೆರಳಿನ ಕೈಯನ್ನು ದಿಂಬಿನ ಮೇಲೆ ಇಟ್ಟುಕೊಂಡು ಅವನು ಜಗಲಿಯಿಂದ ಹೇಳುತ್ತ ಹೋದ, ನಾನು ಮಾಡುತ್ತ ಹೋದೆ. ಕಾವಲಿನ ಹುಲ್ಲು ಬಿಡಿಸಿ ಮೆತ್ತನೆಯ ಕುದುರೆಮಸಾಲೆ ಸೊಪ್ಪು ಹಾಕಿಸಿದೆವು. ಮೇವನ್ನು ನೆಲಕ್ಕೆ ಹಾಕದೆ ಬಿದಿರಿನ ತಟ್ಟಿಯಲ್ಲಿ ಎತ್ತರಕ್ಕೆ ಕಟ್ಟಿಸಿದೆವು. ಹಳೆಯ ನೆಲ ಕೆತ್ತಿಸಿ ಸುಣ್ಣ ಚೆಲ್ಲಿ, ಪ್ರಾಣಿಗಳನ್ನು ಹೊಸ ಬೇಲಿಗೆ ದಾಟಿಸಿದೆವು. ದವಡೆ ಊದಿದವಕ್ಕೆ ಸಡಿಲ ಹಲ್ಲು ಕಿತ್ತು, ಕೊಳೆತದ್ದನ್ನು ಕೆರೆದು ಟಿಂಕ್ಚರ್ ಸವರಿದೆ. ಅವುಗಳಲ್ಲಿ ಇನ್ನೂ ಎರಡು ಸತ್ತವು. ಉಳಿದವು ಉಳಿದವು. ದಸರಾಕ್ಕೆ ಒಳ್ಳೆಯ ಜೋಡಿಯೊಂದು ಮೈಸೂರಿಗೆ ಹೋಯಿತು. ಸಾಹುಕಾರರು ಅರಮನೆಯ ಶಾಲು ಹೊದ್ದು ಬಂದರು.

ಆಗಿನ ನಮ್ಮ ದೊಡ್ಡ ಅಧಿಕಾರಿ ಒಬ್ಬ ಇಂಗ್ಲಿಷ್ ದೊರೆ. ಕುದುರೆ ಬಿಟ್ಟರೆ ಬೇರೆ ಪ್ರಾಣಿಯನ್ನು ಪ್ರಾಣಿ ಎಂದೇ ಎಣಿಸದವನು. ಸುದ್ದಿ ಕೇಳಿ ಹಿರಿಯೂರಿಗೆ ಬಂದ. ಬೇಲಿಯ ಸುತ್ತ ಒಂದು ಸುತ್ತು ಹಾಕಿ, ಗುರುಸಿದ್ದಪ್ಪನ ಎಡಗೈ ಕುಲುಕಿ ಹುಲ್ಲಿನ ವಿಷಯ ಕೇಳಿದ. ಗುರುಸಿದ್ದಪ್ಪ, "ಕತ್ತಿಯ ಕೆಲಸವೆಲ್ಲ ಇವನದು ಸಾರ್," ಎಂದು ನನ್ನನ್ನು ಮುಂದೆ ತಳ್ಳಿದ. ದೊರೆ ನನ್ನ ಕಡೆ ತಲೆಯಾಡಿಸಿ, ನನ್ನ ಆಸ್ಪತ್ರೆಯ ಬಾಗಿಲಿಗೆ ಬಣ್ಣ ಹೋಗಿದೆ ಎಂದು ಹೇಳಿ ಕುದುರೆ ಹತ್ತಿದ.

ಬೆರಳಿಲ್ಲದವನನ್ನು ಹಳ್ಳಿಯ ಕೊಟ್ಟಿಗೆಗಳಲ್ಲಿ ತಿರುಗಿಸುವುದು ಬೇಡವೆಂದು ಬೆಂಗಳೂರಿನ ಪ್ರಯೋಗಶಾಲೆಗೆ ಹಾಕಿದರು. ಅಲ್ಲಿ ಸೂಕ್ಷ್ಮದರ್ಶಕ ಬಂದಿತ್ತು. ಅವನ ಕಣ್ಣಿಗೂ ಆ ಯಂತ್ರಕ್ಕೂ ಎಂಥ ನಂಟು ಬೆಳೆಯಿತೆಂದು ಬೇರೆ ಹೇಳಬೇಕಿಲ್ಲ. ಅದುವರೆಗೆ ನಾವು ಮೂಗಿನಿಂದ, ಕೈಯಿಂದ ಊಹಿಸುತ್ತಿದ್ದುದನ್ನು ಅವನು ಗಾಜಿನ ಮೇಲೆ ತೋರಿಸಿದ. ಸತ್ತ ದನದ ಕಿವಿಯ ರಕ್ತವನ್ನು ಗಾಜಿಗೆ ಸವರಿ ಅವನಿಗೆ ಕಳಿಸುವುದು ನಮ್ಮ ಹೊಸ ಪದ್ಧತಿಯಾಯಿತು. ಮುಂದೆ ಅವನೇ ನನ್ನ ಮೇಲಧಿಕಾರಿಯಾದ. ಒಂದು ಬೆರಳು ಕಳೆದುಕೊಂಡವನು ಬೆಂಗಳೂರಿನಲ್ಲಿ ಕುರ್ಚಿಯ ಮೇಲೆ. ಹತ್ತೂ ಬೆರಳಿದ್ದವನು ಹೊಳಲ್ಕೆರೆ, ಹೊಸದುರ್ಗ, ಹಿರಿಯೂರು ಎಂದು ಎತ್ತಿನ ಬಾಲದ ಹಿಂದೆ. ನನಗೆ ಒಂದೊಂದು ಸಲ ಆ ಇಲ್ಲದ ಬೆರಳಿನ ಮೇಲೂ ಹೊಟ್ಟೆಕಿಚ್ಚಾಗುತ್ತಿತ್ತು.

ನಾನು ನಿವೃತ್ತನಾಗುವ ವರ್ಷ ಕೆಲಸದ ಮೇಲೆ ಬೆಂಗಳೂರಿಗೆ ಹೋದಾಗ ಅವನು ಊಟಕ್ಕೆ ಮನೆಗೆ ಕರೆದೊಯ್ದ. ಅವನ ಹೆಂಡತಿ ಗೌರಮ್ಮ ರೊಟ್ಟಿ ಬಡಿಸಿದರು. ಅವನು ಎಡಗೈಯಲ್ಲಿ ಬರೆಯುತ್ತಿದ್ದರೂ ಊಟ ಬಲಗೈಯಲ್ಲೇ. ಆ ನಾಲ್ಕು ಬೆರಳಿನಲ್ಲಿ ರೊಟ್ಟಿ ಮುರಿಯುವುದನ್ನು ನಾನು ನೋಡುತ್ತಿದ್ದೆ. ಅವನು ಎದ್ದು ಕೈ ತೊಳೆಯಲು ಬಚ್ಚಲ ಕಡೆ ಹೊರಟಾಗ ಗೌರಮ್ಮ ದನಿ ತಗ್ಗಿಸಿದರು.

"ಅಣ್ಣಾ, ಒಂದ್ ಮಾತು ಕೇಳ್ತೀನಿ, ಸಿಟ್ಟಾಗಬ್ಯಾಡ್ರಿ. ಅವತ್ತು ಕತ್ತರಿಸಲೇಬೇಕಿತ್ತಾ?"

"ಎಲುಬು ಸತ್ತಿತ್ತಮ್ಮ," ಎಂದೆ.

"ಅದನ್ನ ಅವರೂ ಹೇಳ್ತಾರೆ. ನಿಮ್ ಮನಸಿಗೆ ಏನನ್ನಿಸ್ತೈತೆ ಅಂತ ಕೇಳಿದೆ."

ನಾನು ಕಂಡದ್ದು ನಿಜ, ರಕ್ತ ಬಾರದ್ದು ನಿಜ, ಎಲುಬು ಗರಗರ ಎಂದದ್ದು ನಿಜ. ಆದರೂ ಚಪ್ಪರದ ಕೆಳಗೆ ನಿಂತ ಆ ಗಳಿಗೆಯನ್ನು ನೆನೆದಾಗಲೆಲ್ಲ, ಒಳಗೆ ಒಂದು ಕಡೆ ಈ ಹೆಂಗಸಿನ ಪ್ರಶ್ನೆಯೇ ಕುಳಿತಿರುತ್ತಿತ್ತು. ತಟ್ಟೆ ನೋಡುತ್ತ ಕೂತೆ.

ಬಾಗಿಲಲ್ಲಿ ಗುರುಸಿದ್ದಪ್ಪ ನಿಂತಿದ್ದ. ಕೇಳಿಸಿಕೊಂಡಿದ್ದ.

"ಗೌರಿ, ಇವನಿಗೆ ನನ್ ಮೇಲೆ ಹೊಟ್ಟೆಕಿಚ್ಚು. ದುರ್ಗದ ಶಾಲೆ ಕಾಲದಿಂದ್ಲೂ ನಂಗೆ ಗೊತ್ತೈತೆ," ಎಂದ, ಊರಿನ ಮಳೆ ಬೆಳೆ ಹೇಳುವವನಂತೆ. "ನನ್ ಕೈನ ಇವನಷ್ಟು ದಿಟ್ಟಿಸಿ ನೋಡಿದೋರು ನಮ್ಮವ್ವನೂ ಅಲ್ಲ, ನೀನೂ ಅಲ್ಲ. ಅದರಾಗೆ ಎಲ್ಲಿವರ್ಗೂ ಸತ್ತೈತೆ, ಎಲ್ಲಿಂದ ಬದುಕೈತೆ ಅಂತ ಇವನಿಗೆ ಗೊತ್ತಾಗದೆ ಇನ್ಯಾರಿಗೆ ಗೊತ್ತಾಗ್ತೈತೆ? ಅದಕ್ಕೇ ಇವನ ಕೈಗೆ ಕೊಟ್ಟೆ."

ಹಾಗೆಂದು ಬಚ್ಚಲಿಗೆ ಹೋಗಿ ಕೈ ತೊಳೆದುಕೊಂಡ. ಗೌರಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು ನನಗೆ ಇನ್ನೊಂದು ರೊಟ್ಟಿ ಹಾಕಿದರು. ನನ್ನೆದೆಯ ಮೇಲಿನ ಕಲ್ಲೊಂದು ಇಳಿದದ್ದು ನಿಜ. ಆದರೆ ಅದರ ಹಿಂದೆಯೇ ಹೊಟ್ಟೆ ಉರಿಯಿತು. ನಾನು ಅಷ್ಟು ವರ್ಷ ಹುಡುಕಿಯೂ ಸಿಗದ ಉತ್ತರವನ್ನು ಅವನು ಎಂಜಲು ಕೈಯಲ್ಲಿ ನಿಂತು ಹೇಳಿಬಿಟ್ಟಿದ್ದ.